ಹೂವಿನ ಆವಿ, ಎಣ್ಣೆಯ ಆವಿ

2014ರಿಂದ 21 ವರ್ಷ ತುಂಬಿದ ವಯಸ್ಕರಿಗೆ ಗಾಂಜಾವನ್ನು ಕಾನೂನುಬದ್ಧವಾಗಿ ಮಾರುತ್ತಿರುವ ಅಮೆರಿಕದ ಕೊಲರಾಡೊ ರಾಜ್ಯದ ಅಂಗಡಿಗಳಲ್ಲಿ, ಒಣಗಿದ ಹೂವಿನ ತೂಕದಲ್ಲಿ ಮಾದಕಾಂಶವಾದ ಟಿಎಚ್‌ಸಿಯು ಸುಮಾರು ಐದರಲ್ಲೊಂದು ಪಾಲಿನಷ್ಟಿದ್ದರೆ, ಆ ಹೂವಿನಿಂದಲೇ ಸೆಳೆದು ಸಾಂದ್ರಗೊಳಿಸಿದ ಎಣ್ಣೆಯಲ್ಲಿ ಅದು ಶೇಕಡಾ 60ರಿಂದ 90ರವರೆಗೂ ಏರುವುದುಂಟು. ಎಂದರೆ, 100 ಮಿಲಿಗ್ರಾಂ ಹೂವನ್ನು ಕಾಯಿಸಿದಾಗ ಹೆಚ್ಚೆಂದರೆ 20 ಮಿಲಿಗ್ರಾಂ ದೊರಕುವಲ್ಲಿ, ಅಷ್ಟೇ ತೂಕದ ಎಣ್ಣೆಯಲ್ಲಿ 80 ಮಿಲಿಗ್ರಾಂ ಅಡಗಿರಬಹುದು. ಎಣ್ಣೆಯನ್ನು ಕಾಯಿಸಿದಾಗ ಏಳುವ, ಹೊಗೆಯ ಕಾಟವಿಲ್ಲದ ಆವಿಯ ಸೌಮ್ಯತೆಯನ್ನು ನಂಬುವಂತಿಲ್ಲ. ಆದರೂ ವೈಚಿತ್ರ್ಯವನ್ನು ನೋಡಿರಿ: ಕೊಲರಾಡೊ ವಿಶ್ವವಿದ್ಯಾನಿಲಯದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಾಂದ್ರಸಾರವನ್ನು ಸೇವಿಸಿದವರ ರಕ್ತದಲ್ಲಿ ಟಿಎಚ್‌ಸಿಯು ಹೂವನ್ನು ಸೇದಿದವರಿಗಿಂತ ಇಮ್ಮಡಿಗೂ ಮಿಕ್ಕಿ ಕಂಡುಬಂದರೂ, ಸ್ಮರಣೆ, ಸಮತೋಲನಗಳಲ್ಲಿ ಉಂಟಾದ ಕುಂದು ಮಾತ್ರ ಉಭಯರಲ್ಲಿಯೂ ಹೆಚ್ಚುಕಡಿಮೆ ಸಮಾನವಾಗಿಯೇ ಇದ್ದಿತು. ಅವರೆಲ್ಲರೂ ಮೊದಲೇ ಅಭ್ಯಾಸವಿದ್ದವರು. ಹೊಸಬರ ದೇಹಕ್ಕೆ ಆ ಸಹಿಷ್ಣುತೆಯಿರುವುದಿಲ್ಲ.