ರೆಬೆಕ್ಕಾಳ ನೇರಳೆ

ಜಾಲತಾಣಗಳಿಗೆ ಅಂದಚೆಂದ ಕಲಿಸಿದ ಎರಿಕ್ ಮೇಯರ್ ಬದುಕಿನಲ್ಲಿ ಕಸುಬು, ಗೆಳೆತನ, ಸಾವು ಮೂರೂ ಒಂದೇ ಬಣ್ಣದಲ್ಲಿ ಬೆರೆತ ಕಥೆ

ಬ್ರೌಸರ್‌ಗಳು ಹೆಸರು ಹಿಡಿದು ಗುರುತಿಸುವ ಬಣ್ಣಗಳು 148. ಟೊಮ್ಯಾಟೊ, ಚಾಕೊಲೇಟ್, ಆರ್ಕಿಡ್ ಎಂದು ಹಣ್ಣು, ತಿಂಡಿ, ಹೂವುಗಳ ಹೆಸರು ಹೊತ್ತ ಈ ಸಾಲಿನಲ್ಲಿ ಪುಟ್ಟ ಹುಡುಗಿಯೊಬ್ಬಳೂ ನಿಂತಿದ್ದಾಳೆ. ರೆಬೆಕ್ಕಾಪರ್ಪಲ್ ಎಂದು ಬರೆದರೆ ಸಾಕು, ಬೆಂಗಳೂರಿನ ಪರದೆಯಾಗಲಿ ಬರ್ಲಿನ್ನಿನದಾಗಲಿ, ನೇರಳೆ ಹಣ್ಣು ತಿಂದ ನಾಲಿಗೆಯಂಥ ಗಾಢ ಬಣ್ಣ ಮೂಡುತ್ತದೆ.

ಕ್ಲೀವ್‌ಲ್ಯಾಂಡಿನ ಮೇಷ್ಟ್ರು

ಅಮೆರಿಕದ ಒಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್ ಎರಿಕ್ ಮೇಯರ್ ಊರು. 1990ರ ದಶಕದಲ್ಲಿ ಅಲ್ಲಿನ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದ ವೆಬ್‌ಮಾಸ್ಟರ್ ಆಗಿದ್ದರು. 1996ರಲ್ಲಿ ಬಂದ, ಜಾಲಪುಟಗಳ ಅಂದ ನಿರ್ಧರಿಸುವ ಭಾಷೆಯಾದ ಸಿಎಸ್‌ಎಸ್, ಪುಟದ ಹೂರಣವನ್ನೂ ಅದರ ಅಲಂಕಾರವನ್ನೂ ಬೇರೆ ಬೇರೆ ಮಾಡಿತು. ಆದರೆ ಒಂದೇ ನಿಯಮವನ್ನು ಒಂದೊಂದು ಬ್ರೌಸರ್ ಒಂದೊಂದು ಥರ ಓದುತ್ತಿತ್ತು. ಯಾವುದು ಎಲ್ಲಿ ಎಡವುತ್ತದೆಂದು ತಾಳ್ಮೆಯಿಂದ ಪರೀಕ್ಷಿಸಿ, ಪಟ್ಟಿ ಮಾಡಿ, ಪುಸ್ತಕ ಬರೆದು ಒಂದು ತಲೆಮಾರಿಗೆ ಪಾಠ ಹೇಳಿದವರು ಮೇಯರ್.

ಕೆಲಸದಾಚೆಗಿನ ಹುಚ್ಚು ಸಂಗೀತ. ಒಂಬತ್ತು ವರ್ಷ ಊರಿನ ಎಫ್‌ಎಂ ಕೇಂದ್ರವೊಂದರಲ್ಲಿ ವಾರಕ್ಕೊಮ್ಮೆ ಕೂತು, ಅಪ್ಪಂದಿರ ಕಾಲದ ಬಿಗ್ ಬ್ಯಾಂಡ್ ಹಾಡುಗಳನ್ನು ಕೇಳಿಸಿದರು. ಗೆಳೆಯ ಜೆಫ್ರಿ ಝೆಲ್ಡ್‌ಮನ್ ಜೊತೆಗೂಡಿ ವೆಬ್ ವಿನ್ಯಾಸಕಾರರಿಗಾಗಿ ‘ಆ್ಯನ್ ಇವೆಂಟ್ ಅಪಾರ್ಟ್’ ಎಂಬ ಸಮ್ಮೇಳನ ಕಟ್ಟಿದರು.

ಆರು ತುಂಬಿದ ದಿನ

2013ರ ಆಗಸ್ಟ್‌ನಲ್ಲಿ ಮನೆಮಂದಿಯೆಲ್ಲ ರಜೆಗೆ ಹೋಗಿದ್ದಾಗ ಮಗಳು ರೆಬೆಕ್ಕಾ ಕಾಯಿಲೆ ಬಿದ್ದಳು. ಮಿದುಳಿನಲ್ಲಿ ಗಡ್ಡೆ. 2014ರ ಜೂನ್ 7ರಂದು, ಆರನೆಯ ಹುಟ್ಟುಹಬ್ಬದ ದಿನವೇ, ತೀರಿಕೊಂಡಳು.

ಅವಳಿಗೆ ಇಷ್ಟವಾದದ್ದು ನೇರಳೆ. ಝೆಲ್ಡ್‌ಮನ್ ಕರೆಗೆ ಓಗೊಟ್ಟು ವೃತ್ತಿಬಾಂಧವರು 663399 ಎಂಬ ಬಣ್ಣದ ಸಂಕೇತವನ್ನೂ ಅವಳ ಮುದ್ದಿನ ಹೆಸರು ‘ಬೆಕ್ಕಾ’ವನ್ನೂ ಜೋಡಿಸಿ ಟ್ವಿಟರ್‌ನಲ್ಲಿ ಹರಿಯಬಿಟ್ಟರು. ಆ ಸಂಕೇತಕ್ಕೆ ಅವಳ ಹೆಸರನ್ನೇ ಏಕೆ ಇಡಬಾರದು ಎಂಬ ಮಾತೂ ಹುಟ್ಟಿತು. ಸಿಎಸ್‌ಎಸ್ ನಿಯಮಗಳನ್ನು ರೂಪಿಸುವ ಕಾರ್ಯತಂಡ ತಂದೆಯನ್ನು ಕೇಳಿತು. ಅವರು ಒಪ್ಪಿದರು, ಒಂದು ಕೋರಿಕೆಯೊಡನೆ: ‘ಬೆಕ್ಕಾ’ ಬೇಡ. ಅದು ಪಾಪುವಿನ ಹೆಸರು, ಆರು ತುಂಬಿದ ಮೇಲೆ ಎಲ್ಲರೂ ರೆಬೆಕ್ಕಾ ಎನ್ನಬೇಕು ಎಂದು ಅವಳೇ ಹೇಳಿದ್ದಳು. ಸುಮಾರು ಹನ್ನೆರಡು ಗಂಟೆಗಳ ಕಾಲ ಅವಳು ಆರು ವರ್ಷದವಳಾಗಿದ್ದಳು. ಅದೇ ತಿಂಗಳು ಹೆಸರು ಅಂಗೀಕಾರವಾಯಿತು.

ಕೇಳಿ ತೋರಿಸಿ

ಆ ಡಿಸೆಂಬರ್‌ನಲ್ಲಿ ಫೇಸ್‌ಬುಕ್ ‘ನಿಮ್ಮ ವರ್ಷ ಹೀಗಿತ್ತು’ ಎಂದು ಹಬ್ಬದ ಚಿತ್ತಾರಗಳ ನಡುವೆ ಮಗಳ ಮುಖವನ್ನು ಮೇಯರ್ ಮುಂದಿಟ್ಟಿತು. ಅವರು ಯಾರನ್ನೂ ಬೈಯಲಿಲ್ಲ. ಬೇಕೆಂದೇ ಮಾಡಿದ್ದಲ್ಲ, ಆದರೂ ಕ್ರೂರ ಎಂದರು. ಚೆನ್ನಾಗಿರುವವರನ್ನಷ್ಟೇ ನೆನೆದು ಬರೆದ ಪ್ರೋಗ್ರಾಂ ನೊಂದವರನ್ನು ಇರಿಯುತ್ತದೆ. ಫೋಟೊ ತೋರಿಸುವ ಮುನ್ನ, ಬೇಕೋ ಬೇಡವೋ ಕೇಳಿ ಎಂದು ವಿನಂತಿಸಿದರು. 2016ರಲ್ಲಿ ಸಾರಾ ವಾಕ್ಟರ್-ಬೆಟ್ಚರ್ ಜೊತೆ ಇದನ್ನೇ ‘ಡಿಸೈನ್ ಫಾರ್ ರಿಯಲ್ ಲೈಫ್’ ಎಂಬ ಪುಸ್ತಕವಾಗಿ ಬೆಳೆಸಿದರು. ಪರದೆಯ ಆಚೆಗಿರುವುದು ‘ಬಳಕೆದಾರ’ನಲ್ಲ, ಇಂದು ಬೆಳಿಗ್ಗೆ ಏನನ್ನೋ ಕಳೆದುಕೊಂಡಿರಬಹುದಾದ ಮನುಷ್ಯ ಎಂಬುದು ಅದರ ತಿರುಳು.

2024ರಲ್ಲಿ ಸಿಎಸ್‌ಎಸ್‌ಗೆ ಹೊಸ ಲಾಂಛನ ಬಂದಾಗ ಅದಕ್ಕೆ ಬಳಿದದ್ದು ಇದೇ ನೇರಳೆ.

ಬೇಕಿದ್ದರೆ ಪರೀಕ್ಷಿಸಿ: ಬೆಕ್ಕಾಪರ್ಪಲ್ ಎಂದು ಬರೆದರೆ ಯಾವ ಬಣ್ಣವೂ ಬರುವುದಿಲ್ಲ. ಪೂರ್ತಿ ಹೆಸರು ಹಿಡಿದು ಕರೆದರಷ್ಟೇ ಓಗೊಡುತ್ತದೆ.