ಹದಿಮೂರು ಮಂದಿ, ಒಂದು ಟಿ.ಟಿ., ನಾಲ್ಕು ದಿನದ ಕಡಲು

ಡಿಗ್ರಿ ಮುಗಿಸಿ ಕೆಲಸಕ್ಕೆ ಅರ್ಜಿ ಹಾಕುತ್ತಾ ಮನೆಯಲ್ಲಿ ಕೂತವರಿಗೆ ಒಂದು ವಿಶೇಷ ಹುದ್ದೆ ತಾನಾಗಿಯೇ ಸಿಗುತ್ತದೆ. ಗ್ಯಾಸ್ ಬುಕ್ ಮಾಡುವುದು, ಕರೆಂಟ್ ಬಿಲ್ ಕಟ್ಟುವುದು, ಯಾರದೋ ಆಧಾರ್ ತಿದ್ದುಪಡಿ ಮಾಡಿಸುವುದು ಎಲ್ಲವೂ ಅದರ ಲೆಕ್ಕಕ್ಕೇ ಬರುತ್ತದೆ. ಸಂಬಳ ಇಲ್ಲ, ರಜೆಯೂ ಇಲ್ಲ. ಈ ವರ್ಷ ನನ್ನ ಆ ಹುದ್ದೆಗೆ ಇನ್ನೊಂದು ಜವಾಬ್ದಾರಿ ಸೇರಿತು. ಹಾವೇರಿಯಿಂದ ಕರಾವಳಿಗೆ ಇಡೀ ಮನೆತನವನ್ನು ಕರೆದೊಯ್ಯುವ ಪ್ಲ್ಯಾನ್. ‘ನೀ ಹೆಂಗೂ ಮನ್ಯಾಗ ಇರ್ತೀಯಲ್ಲ, ಎಲ್ಲಾ ಗೊತ್ತ ಮಾಡು’ ಎಂದರು ದೊಡ್ಡಪ್ಪ.

ಕಾರಣ ಅಜ್ಜಿ. ಎಪ್ಪತ್ತೆಂಟು ದಾಟಿದ ಅವಳು ಸಮುದ್ರ ನೋಡಿರಲಿಲ್ಲ. ಕಡಲು ನಮ್ಮೂರಿನಿಂದ ಅರ್ಧ ದಿನದ ದಾರಿ, ಆದರೂ ನೋಡಿರಲಿಲ್ಲ. ಮೊಣಕಾಲು ನೋವು ಜಾಸ್ತಿಯಾಗುತ್ತಿರುವುದರಿಂದ ಮುಂದಿನ ವರ್ಷ ಎನ್ನುವ ಮಾತಿಗೆ ಅರ್ಥವಿರಲಿಲ್ಲ. ಇನ್ನೊಂದು ತೊಡಕಿತ್ತು. ಹೊಲದ ಪಾಲಿನ ವಿಷಯಕ್ಕೆ ಅಪ್ಪ ಮತ್ತು ಕಾಕಾ ಮೂರು ವರ್ಷಗಳಿಂದ ಮಾತು ಬಿಟ್ಟಿದ್ದಾರೆ. ಅಜ್ಜಿಯದು ಒಂದೇ ಷರತ್ತು: ‘ಹ್ವಾದ್ರ ಎಲ್ಲಾರೂ ಒಂದ ಗಾಡ್ಯಾಗ ಹೋಗೂದು. ಇಲ್ಲಾಂದ್ರ ನಾನೂ ಒಲ್ಲೆ.’

ಪಿಯುಸಿ ಓದುವ ಕಾಕಾನ ಮಗ ಮೊಬೈಲಿನಲ್ಲಿ ವಿದೇಶಿ ಕುಟುಂಬಗಳ ವಿಡಿಯೊ ತೋರಿಸಿದ. ಹಾಸಿಗೆ, ಅಡುಗೆ ಕಟ್ಟೆ, ಫ್ರಿಜ್, ಶೌಚಾಲಯ ಎಲ್ಲ ಇರುವ ಮನೆಯಂಥ ಗಾಡಿ. ಕಡಲ ದಂಡೆಯಲ್ಲಿ ನಿಲ್ಲಿಸಿ ಅಲ್ಲೇ ಮಲಗುತ್ತಾರೆ. ನಮ್ಮ ದೇಶದಲ್ಲೂ ಕ್ಯಾರವಾನ್ ಇವೆ. ಕೇರಳ ಸರ್ಕಾರ 2021ರಲ್ಲೇ ಅದಕ್ಕೊಂದು ಪ್ರವಾಸೋದ್ಯಮ ನೀತಿ ತಂದಿದೆ. ನಾನೂ ಎರಡು ದಿನ ಅದರ ಹಿಂದೆ ಬಿದ್ದು ವಿಚಾರಿಸಿದೆ. ಆದರೆ ಬಾಡಿಗೆಗೆ ಸಿಗುವ ಕ್ಯಾರವಾನುಗಳಲ್ಲಿ ಮಲಗಬಹುದಾದದ್ದು ನಾಲ್ಕಾರು ಮಂದಿ. ನಾವು ಹದಿಮೂರು. ರಾತ್ರಿ ಅದನ್ನು ನಿಲ್ಲಿಸಲು ನೀರು, ಕರೆಂಟು, ಶೌಚದ ಟ್ಯಾಂಕ್ ಖಾಲಿ ಮಾಡುವ ವ್ಯವಸ್ಥೆ ಇರುವ ಜಾಗ ಬೇಕು. ನಮ್ಮ ಹಾದಿಯಲ್ಲಿ ನಾನು ವಿಚಾರಿಸಿದ ಕಡೆಯೆಲ್ಲೂ ಅದು ಸಿಗಲಿಲ್ಲ. ಮದುವೆಯ ದಿಬ್ಬಣಕ್ಕೂ ಧರ್ಮಸ್ಥಳಕ್ಕೂ ಹೋಗುವ ನಮ್ಮ ಹಳೇ ಟೆಂಪೊ ಟ್ರಾವೆಲರ್, ಎಲ್ಲರ ಬಾಯಲ್ಲಿ ಟಿ.ಟಿ., ಅದೇ ಸರಿ ಎನಿಸಿತು. ಹದಿನೇಳು ಸೀಟಿನದನ್ನು ಹಿಡಿದರೆ ಹಿಂದಿನ ಸಾಲು ಪೂರ್ತಿ ಖಾಲಿ. ಅಜ್ಜಿ ಬೇಕಾದಾಗ ಕಾಲು ಚಾಚಿ ಮಲಗಬಹುದು.

ಬಾಡಿಗೆಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಗೆಳೆಯರೆಲ್ಲ ಸೇರಿ ಟೂರ್ ಹೋಗುವಾಗ ಹೆಚ್ಚಿನವರು ದುಡ್ಡು ಕಳೆದುಕೊಳ್ಳುವುದು ಇಲ್ಲೇ. ಟ್ರಾವೆಲ್ಸ್‌ನವರು ನನಗೆ ಹೇಳಿದ ದರ ಕಿ.ಮೀ.ಗೆ 24 ರೂಪಾಯಿ, ದಿನಕ್ಕೆ ಕನಿಷ್ಠ 300 ಕಿ.ಮೀ. ನಾಲ್ಕು ದಿನಕ್ಕೆ 1,200 ಕಿ.ಮೀ., ಅಂದರೆ 28,800 ರೂಪಾಯಿ. ನಮ್ಮ ದಾರಿಯನ್ನು ಕೂಡಿಸಿ ನೋಡಿದೆ. ಹಾವೇರಿಯಿಂದ ಶಿರಸಿ, ಕುಮಟಾ, ಗೋಕರ್ಣ. ಅಲ್ಲಿಂದ ಹೊನ್ನಾವರ, ಮುರುಡೇಶ್ವರ. ಮರುದಿನ ಮರವಂತೆ, ಕುಂದಾಪುರ, ಕೊಲ್ಲೂರು. ಕೊನೆಯ ದಿನ ಸಿಗಂದೂರು, ಸಾಗರದ ಮೇಲೆ ವಾಪಸ್. ಎಲ್ಲಾ ಸೇರಿ 550 ಕಿ.ಮೀ. ಆಸುಪಾಸು. ಅಂದರೆ ಓಡದೇ ಇರುವ 650 ಕಿ.ಮೀ.ಗೂ ದುಡ್ಡು! ಬೆಂಗಳೂರಿನಿಂದ ಹೊರಟು ಒಂದೇ ದಿನ ದೂರ ಓಡುವವರಿಗೆ ಈ ಲೆಕ್ಕ ಸರಿ. ಅಲ್ಲಲ್ಲಿ ನಿಂತು ನಿಧಾನವಾಗಿ ಸಾಗುವ ಕರಾವಳಿಯ ಟೂರಿಗೆ ಅಲ್ಲ. ಕೊನೆಗೆ ತಾನೇ ಗಾಡಿ ಓಡಿಸುವ ಮಾಲೀಕರೊಬ್ಬರು ಸಿಕ್ಕರು. ದಿನಕ್ಕೆ 4,500 ಬಾಡಿಗೆ, ಡೀಸೆಲ್ ನಮ್ಮದು. ಡೀಸೆಲ್‌ಗೆ 5 ಸಾವಿರ ಹಿಡಿದರೂ 23 ಸಾವಿರಕ್ಕೆ ಮುಗಿಯಿತು. ಬಾಟಾ ದಿನಕ್ಕೆ 500 ಬೇರೆ. ಅದನ್ನು ಎರಡೂ ಕಡೆ ಕೊಡಲೇಬೇಕು.

ಅದಕ್ಕೂ ಕಡಿಮೆಗೆ ಬಿಳಿ ಬೋರ್ಡಿನ ಗಾಡಿಯೊಂದು ಸಿಗುತ್ತಿತ್ತು. ಬೇಡವೆಂದೆ. ಖಾಸಗಿ ನೋಂದಣಿಯ ವಾಹನವನ್ನು ಬಾಡಿಗೆಗೆ ಓಡಿಸುವುದು ಕಾನೂನಿಗೆ ವಿರುದ್ಧ, ಏನಾದರೂ ಆದರೆ ವಿಮೆಯವರು ಕೈ ಎತ್ತುತ್ತಾರೆ. ಹಳದಿ ಬೋರ್ಡು, ಪರ್ಮಿಟ್, ಫಿಟ್ನೆಸ್, ವಿಮೆ ಇಷ್ಟನ್ನೂ ಫೋಟೊ ಕಳಿಸಿ ಎಂದು ಕೇಳಲು ಸಂಕೋಚ ಬೇಡ. ಕೇಳಿದ್ದಕ್ಕೆ ಸಿಟ್ಟಾಗುವವರ ಗಾಡಿಯೇ ಬೇಡ.

ದಿನ ಯಾವುದು? ಮಳೆಗಾಲದ ಮಾತೇ ಇಲ್ಲ. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯನ್ನೇ ನುಂಗಿದ್ದು ನಮ್ಮ ಮನೆಯಲ್ಲಿ ಯಾರೂ ಮರೆತಿಲ್ಲ. ಡಿಸೆಂಬರ್, ಜನವರಿಯ ಹವೆ ಹಿತ. ಆದರೆ ಸಂಕ್ರಾಂತಿವರೆಗೆ ಮಾಲಾಧಾರಿಗಳ ಬಸ್ಸುಗಳು, ಕ್ರಿಸ್‌ಮಸ್ ರಜೆ, ಶಾಲಾ ಪ್ರವಾಸ ಎಲ್ಲ ಒಟ್ಟಿಗೇ ಬರುತ್ತವೆ. ಶಿವರಾತ್ರಿಗೆ ಗೋಕರ್ಣ, ಮುರುಡೇಶ್ವರ ಎರಡೂ ತುಂಬಿ ತುಳುಕುತ್ತವೆ. ನಮ್ಮ ಕಡೆ ಹತ್ತಿ ಬಿಡಿಸಿ ಮುಗಿದು, ಜೋಳದ ಸುಗ್ಗಿ ಇನ್ನೂ ಶುರುವಾಗದ ಫೆಬ್ರುವರಿ ಮೊದಲ ವಾರ ಸಿಕ್ಕಿತು. ಸೋಮವಾರದಿಂದ ಗುರುವಾರ. ಶನಿವಾರ, ಭಾನುವಾರ ಬಿಟ್ಟದ್ದಕ್ಕೆ ಲಾಡ್ಜಿನ ಬಾಡಿಗೆಯೂ ಇಳಿಯಿತು. ಐದು ರೂಮು, ಒಂದಕ್ಕೆ 1,200. ನಾನು ಫೋನಿನಲ್ಲಿ ಮೊದಲು ಕೇಳಿದ ಪ್ರಶ್ನೆ ಎ.ಸಿ. ಇದೆಯೋ ಇಲ್ಲವೋ ಎಂದಲ್ಲ. ನೆಲಮಹಡಿಯಲ್ಲಿ ಕಮೋಡ್ ಇರುವ ಒಂದು ರೂಮು ಸಿಗುತ್ತದೆಯೇ ಎಂದು.

ಬಯಲುಸೀಮೆಯ ಬಿಸಿಲು ಕಂಡ ನಮಗೆ ಕರಾವಳಿಯ ಸೆಕೆ ಬೇರೆಯೇ. ನಮ್ಮಲ್ಲಿ ಬೆವರು ಆರುತ್ತದೆ, ಅಲ್ಲಿ ಅಂಗಿಗೆ ಅಂಟಿಕೊಂಡೇ ಇರುತ್ತದೆ. ಹಾಗಾಗಿ ಬೆಳಿಗ್ಗೆ ಹತ್ತೂವರೆಯೊಳಗೆ ನೋಡುವುದನ್ನು ನೋಡಿ ಮುಗಿಸುವುದು, ಮಧ್ಯಾಹ್ನ ಊಟ, ನಿದ್ದೆ, ನಾಲ್ಕರ ಮೇಲೆ ಮತ್ತೆ ಕಡಲು ಎಂದು ದಿನವನ್ನು ಎರಡಾಗಿ ಮುರಿದೆ. ನೀರಿನ ವಿಷಯದಲ್ಲಿ ಇನ್ನೊಂದು ಸಂಗತಿ ಇದೆ, ಹುಡುಗರ ತಲೆಗೆ ಹೊಳೆಯುವುದೇ ಇಲ್ಲ. ದಾರಿಯಲ್ಲಿ ಶೌಚಾಲಯ ಸಿಗುತ್ತದೋ ಇಲ್ಲವೋ ಎಂಬ ಭಯಕ್ಕೆ ನಮ್ಮ ಅವ್ವ, ಕಾಕು, ದೊಡ್ಡವ್ವ ಯಾರೂ ಪ್ರಯಾಣದಲ್ಲಿ ನೀರು ಕುಡಿಯುವುದಿಲ್ಲ. ಆ ಸೆಕೆಯಲ್ಲಿ ಅದು ತಲೆಸುತ್ತಿಗೆ ದಾರಿ. ಅದಕ್ಕೇ ಒಂದೂವರೆ ಗಂಟೆಗೊಂದು ನಿಲುಗಡೆ ಗುರುತು ಮಾಡಿದೆ: ದೊಡ್ಡ ಪೆಟ್ರೋಲ್ ಬಂಕ್, ಬಸ್ ನಿಲ್ದಾಣ, ಊಟದ ಹೋಟೆಲು. ಆ ಪಟ್ಟಿಯನ್ನು ಓದಿ ಹೇಳಿದ ದಿನ ಅವ್ವ ‘ಹಂಗಾರ ನಾ ಬರ್ತೀನಿ’ ಎಂದಳು. ಅಲ್ಲಿಯವರೆಗೆ ಅವಳು ಬರುವುದಿಲ್ಲ ಎಂದುಕೊಂಡಿದ್ದಳೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ದೊಡ್ಡಪ್ಪನ ಇನ್ಸುಲಿನ್‌ಗೆ ಫ್ರಿಜ್ ಇರಲಿಲ್ಲ. ಅಗಲ ಬಾಯಿಯ ಥರ್ಮಾಸ್‌ನಲ್ಲಿ ಐಸ್ ಪ್ಯಾಕ್ ಇಟ್ಟು, ಔಷಧವನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟೆವು. ಐಸ್ ನೇರವಾಗಿ ತಾಗಿ ಅದು ಹೆಪ್ಪುಗಟ್ಟಿದರೆ ಕೆಲಸಕ್ಕೆ ಬಾರದು. ಬಿಸಿಲಲ್ಲಿ ನಿಂತ ಗಾಡಿಯೊಳಗೆ ಬಿಟ್ಟು ಹೋಗುವಂತೆಯೂ ಇಲ್ಲ. ನಾಲ್ಕು ದಿನವೂ ಆ ಥರ್ಮಾಸ್ ತಮ್ಮನ ಹೆಗಲ ಮೇಲೆ ಇತ್ತು. ‘ಇದನ್ನ ರೆಸ್ಯೂಮ್‌ನ್ಯಾಗ ಹಾಕಬಹುದಾ ಅಕ್ಕಾ, ಕೋಲ್ಡ್ ಚೈನ್ ಮ್ಯಾನೇಜ್‌ಮೆಂಟ್ ಅಂತ?’ ಎಂದು ಕೇಳಿದ.

ದುಡ್ಡಿನ ಮಾತು ಬಂದಾಗಲೇ ನಿಜವಾದ ಕಷ್ಟ. ಗಾಡಿ, ರೂಮು, ಊಟ, ಪಾರ್ಕಿಂಗ್, ಚಾಲಕರಿಗೊಂದು ಹಾಸಿಗೆ ಎಲ್ಲ ಸೇರಿಸಿ ತಲೆಗೆ 5,200 ಎಂದು ಬರೆದೆ. (ಚಾಲಕರನ್ನು ಗಾಡಿಯಲ್ಲೇ ಮಲಗಿಸುವವರು ಬಹಳ ಮಂದಿ. ಸೊಳ್ಳೆಯಲ್ಲಿ ರಾತ್ರಿಯೆಲ್ಲ ಎದ್ದು ಕೂತವರ ಕೈಗೆ ಬೆಳಿಗ್ಗೆ ಘಟ್ಟದ ಸ್ಟೇರಿಂಗ್ ಕೊಡುವುದು ಎಂಥ ಉಳಿತಾಯವೋ.) ಅತ್ತಿ ಮತ್ತು ಅವಳ ಮಗಳಿಗೆ 10,400 ಆಗುತ್ತದೆ. ಮಾವ ತೀರಿಕೊಂಡ ಮೇಲೆ ಅತ್ತಿ ಬ್ಲೌಸ್ ಹೊಲಿದು ಮನೆ ನಡೆಸುತ್ತಾಳೆ. ಅವಳ ಪಾಲನ್ನು ನಾವು ಹಾಕುತ್ತೇವೆ ಎಂದರೆ ಬರುವುದಿಲ್ಲ. ಹಾಕು ಎಂದರೂ ಬರುವುದಿಲ್ಲ. ಮನೆಮನೆಗೆ ಭಾಗ ಹಾಕಿದೆ, ತಲೆಗೆ ಹಾಕಿದೆ, ಊಟ ಬಿಟ್ಟು ಹಾಕಿದೆ. ಯಾವ ಲೆಕ್ಕದಲ್ಲೂ ಅತ್ತಿಯ ಮುಖ ನೋಡಿ ಓದಿ ಹೇಳುವಂಥ ಅಂಕಿ ಬರಲಿಲ್ಲ.

ಅದನ್ನು ಬಗೆಹರಿಸಿದವಳು ಅಜ್ಜಿ. ಅವಳಿಗೆ ತಿಂಗಳಿಗೆ 1,200 ರೂಪಾಯಿ ಸಂಧ್ಯಾ ಸುರಕ್ಷಾ ಪಿಂಚಣಿ ಬರುತ್ತದೆ. ಎಲ್ಲರೂ ಕೂತಿದ್ದಾಗ ‘ನನಗ ಕೈ ಹಿಡದು ಇಳಿಸಾಕ ಒಬ್ರು ಬೇಕು, ರಾತ್ರಿ ಕಾಲ ಒತ್ತಾಕ ಒಬ್ರು ಬೇಕು. ಅವರಿಬ್ಬರ ಸೀಟಿಂದು ನಾ ಕೊಡತೀನಿ, ನನ್ನ ಕೆಲಸಕ್ಕ ಬರತಾರ ಅವರು’ ಎಂದಳು. ಅವಳದೂ ಸೇರಿ ಮೂರು ಸೀಟಿಗೆ 15,600. ಸರಿಯಾಗಿ ಹದಿಮೂರು ತಿಂಗಳ ಪಿಂಚಣಿ. ಗಂಡುಮಕ್ಕಳು ಮೂವರೂ ಬೇಡವೆಂದರು, ಅವಳು ಕೇಳಲಿಲ್ಲ. ಅತ್ತಿ ಏನೂ ಮಾತಾಡದೆ ಎದ್ದು ಹೋಗಿ ಎಲ್ಲರಿಗೂ ಚಹಾ ಮಾಡಿ ತಂದಳು.

ಇನ್ನು ಸೀಟು. ಘಟ್ಟದ ತಿರುವಿನಲ್ಲಿ ವಾಂತಿ ಆಗುವವರು ಮುಂದೆ ಕೂರಬೇಕು. ಹಿಂದಿನ ಚಕ್ರದ ಮೇಲಿನ ಸೀಟಿನಲ್ಲಿ ತೂಗಾಟ ಜಾಸ್ತಿ. ಕಣ್ಣು ಮೊಬೈಲಿನಲ್ಲಿ ಅಲ್ಲ, ದೂರದ ರಸ್ತೆಯ ಮೇಲೆ ಇರಬೇಕು. ಮಾತ್ರೆ ನುಂಗುವುದಿದ್ದರೆ ಘಟ್ಟ ಶುರುವಾಗುವ ಒಂದು ಗಂಟೆ ಮೊದಲೇ. ಯಾರಿಗೆಲ್ಲ ವಾಂತಿ ಆಗುತ್ತದೆ ಎಂದು ಕೇಳುತ್ತಾ ಹೋದರೆ, ಪಟ್ಟಿಯಲ್ಲಿ ಉಳಿದದ್ದು ಇಬ್ಬರೇ: ಅಪ್ಪ ಮತ್ತು ಕಾಕಾ. ಚಾಲಕರ ಹಿಂದಿನ ಜೋಡಿ ಸೀಟು ಅವರದೇ ಆಗಬೇಕಾಯಿತು. ನಾನು ಬೇಕೆಂದೇ ಹಾಗೆ ಮಾಡಿದೆ ಎಂದು ಕಾಕು ಈಗಲೂ ನಂಬಿದ್ದಾಳೆ.

ಶಿರಸಿಯಿಂದ ಕುಮಟಾಕ್ಕೆ ಇಳಿಯುವ ದೇವಿಮನೆ ಘಟ್ಟದಲ್ಲಿ ರಸ್ತೆ ಕೆಲಸಕ್ಕೆಂದು ಆಗಾಗ ಸಂಚಾರ ಬಂದ್ ಮಾಡುತ್ತಾರೆ. ಹಿಂದಿನ ದಿನವೇ ಶಿರಸಿಯ ಗೆಳತಿಗೆ ಫೋನ್ ಮಾಡಿ ಖಾತ್ರಿ ಮಾಡಿಕೊಂಡಿದ್ದೆ. ಬಂದ್ ಆಗಿದ್ದರೆ ಯಲ್ಲಾಪುರದ ಮೇಲೆ ಅಂಕೋಲಾಕ್ಕೆ ಇಳಿಯುವ ಯೋಚನೆ ಇತ್ತು. ಬೆಳಿಗ್ಗೆ ಐದಕ್ಕೆ ಹೊರಟೆವು. ಕಟಕ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಕೆನೆಮೊಸರಿನ ಬುತ್ತಿ ಇತ್ತು. ಎರಡು ದಿನದ ಬೆಳಗಿನ ತಿಂಡಿ ಅದರಲ್ಲೇ ಕಳೆಯಿತು. ಮೂರನೇ ತಿರುವಿಗೆ ಅಪ್ಪನ ಮುಖ ಬಿಳಿಚಿತು. ಕಾಕಾ ಕಿಸೆಯಿಂದ ನಿಂಬೆಹಣ್ಣು ತೆಗೆದು, ಅವನ ಕಡೆ ನೋಡದೆಯೇ ಕೈ ಚಾಚಿದ. ಅಪ್ಪ ನೋಡದೆಯೇ ತಗೊಂಡ. ಹಿಂದೆ ಹನ್ನೊಂದು ಮಂದಿ ಉಸಿರು ಬಿಗಿಹಿಡಿದು ಕೂತಿದ್ದೆವು.

ಗೋಕರ್ಣದಲ್ಲಿ ದೇವರ ದರ್ಶನವಾಯಿತು, ಸಂಜೆ ಜನಜಂಗುಳಿ ಇದ್ದುದರಿಂದ ಅಜ್ಜಿಯನ್ನು ನೀರಿನ ತನಕ ಕರೆದೊಯ್ಯಲಿಲ್ಲ. ಅವಳಿಗೆಂದು ನಾನು ಆರಿಸಿದ್ದು ಮರುದಿನದ ಹೊನ್ನಾವರದ ಕಾಸರಕೋಡು ಕಡಲತೀರ. 2020ರಲ್ಲಿ ದೇಶದ ಎಂಟು ತೀರಗಳಿಗೆ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಾಗ ಕರ್ನಾಟಕದಿಂದ ಇದೂ ಪಡುಬಿದ್ರಿಯೂ ಇದ್ದವು. ಆ ಮಾನ್ಯತೆ ಬೇಕೆಂದರೆ ಶುಚಿಯಾದ ಶೌಚಾಲಯ, ಜೀವರಕ್ಷಕರು, ನಡೆಯಲಾರದವರಿಗೆ ಅನುಕೂಲ ಎಲ್ಲ ಇರಬೇಕು. ಇಬ್ಬರು ಹಿಡಿದುಕೊಂಡು ಪಾದ ಮುಳುಗುವಷ್ಟು ನೀರಿಗೆ ಇಳಿಸಿದೆವು. ಅಜ್ಜಿ ಬೊಗಸೆಯಲ್ಲಿ ಎತ್ತಿ ನಾಲಗೆಗೆ ತಾಗಿಸಿ, ‘ಉಪ್ಪ ಅಂತ ಕೇಳಿದ್ದೆ, ಇಷ್ಟ್ ಉಪ್ಪಾ!’ ಎಂದು ಉಗುಳಿದಳು. ಆಮೇಲೆ ಅರ್ಧ ತಾಸು ಯಾರ ಜೊತೆಯೂ ಮಾತಾಡಲಿಲ್ಲ, ಸುಮ್ಮನೆ ನೋಡುತ್ತಿದ್ದಳು.

ಹುಡುಗರಿಗೆ ಮೊಣಕಾಲ ಮೇಲೆ ನೀರಿಗೆ ಇಳಿಯಬಾರದು ಎಂಬ ನಿಯಮ ಹಾಕಿದ್ದೆ. ಮುಖ ಊದಿಸಿದರು. 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆ ಬಂದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಲ್ಲಿ ಮುಳುಗಿ ಸತ್ತ ಸುದ್ದಿಯನ್ನು ಅವರೂ ಓದಿದ್ದರು. ಕೆರೆ, ಕಾಲುವೆಯಲ್ಲಿ ಈಜು ಕಲಿತವರಿಗೆ ಕಾಲಡಿಯ ಮರಳನ್ನೇ ಎಳೆದುಕೊಂಡು ಹೋಗುವ ಅಲೆಯ ಗುಣ ಗೊತ್ತಿರುವುದಿಲ್ಲ. ಈ ಒಂದು ವಿಷಯದಲ್ಲಿ ಚರ್ಚೆಗೆ ಅವಕಾಶ ಕೊಡಬೇಡಿ.

ಮುರುಡೇಶ್ವರದ ಇಪ್ಪತ್ತು ಅಂತಸ್ತಿನ ರಾಜಗೋಪುರಕ್ಕೆ ಲಿಫ್ಟ್ ಇದೆ. ಮೆಟ್ಟಿಲು ಹತ್ತಲಾರದ ಅಜ್ಜಿ ನಮ್ಮೆಲ್ಲರಿಗಿಂತ ಮೊದಲು ಮೇಲೆ ತಲುಪಿ, 123 ಅಡಿ ಎತ್ತರದ ಶಿವನನ್ನು ಮೇಲಿನಿಂದ ನೋಡಿದಳು. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ. ಅಲ್ಲಿ ಎಲ್ಲರಿಗೂ ರಸ್ತೆಯಲ್ಲೇ ಇಳಿಯುವ ಆಸೆ. ಲಾರಿಗಳು ಬರುವ ವೇಗ ನೋಡಿ, ಮುಂದೆ ಜಾಗ ಇರುವಲ್ಲಿ ನಿಲ್ಲಿಸಿದೆವು. ಕೊಲ್ಲೂರಿನಿಂದ ವಾಪಸ್ ಬರುವಾಗ 2025ರ ಜುಲೈನಲ್ಲಿ ಸಂಚಾರಕ್ಕೆ ತೆರೆದ ಸಿಗಂದೂರು ಸೇತುವೆ ದಾಟಿದೆವು. ಹಿಂದೆ ಇಲ್ಲಿ ಲಾಂಚ್ ಹಿಡಿಯಲು ಗಂಟೆಗಟ್ಟಲೆ ಕಾಯಬೇಕಿತ್ತು. ಎರಡು ದಿನದ ಹಿಂದೆ ಹೊನ್ನಾವರದಲ್ಲಿ ಕಡಲು ಸೇರುವುದನ್ನು ಕಂಡಿದ್ದ ಶರಾವತಿಯೇ ಇದು, ಲಿಂಗನಮಕ್ಕಿ ಅಣೆಕಟ್ಟಿಗೆ ನಿಂತ ಹಿನ್ನೀರು ಎಂದು ನಾನು ವಿವರಿಸುತ್ತಿದ್ದರೆ ಅರ್ಧ ಮಂದಿಗೆ ನಿದ್ದೆ.

ಮನೆಗೆ ಬಂದು ಲೆಕ್ಕ ಕೂಡಿಸಿದೆ. ಸೇರಿದ್ದು 67,600, ಖರ್ಚಾದದ್ದು 66,460. ಹೊಲದ ತಕರಾರು ಹೋದಲ್ಲೇ ಇದೆ, ವಕೀಲರೂ ಬದಲಾಗಿಲ್ಲ. ಉಳಿದ 1,140 ರೂಪಾಯಿ ಕವರಿನಲ್ಲಿ ನನ್ನ ಬಳಿ ಇದೆ. ಅಪ್ಪನಿಗೆ ಕೊಡಲು ಹೋದರೆ ‘ನಿಮ್ಮ ಕಾಕಾಗ ಕೊಡು, ನಿಂಬಿಹಣ್ಣ ಅಂವಾನ ತಂದಿದ್ದ’ ಎನ್ನುತ್ತಾನೆ. ಕಾಕಾನನ್ನು ಕೇಳಿದರೆ ‘ನಿಮ್ಮಪ್ಪಗ ಕೊಡು, ಅಂವಾ ದೊಡ್ಡಾಂವ’ ಎನ್ನುತ್ತಾನೆ.