ಸೇಂಟ್ ಲೂಯಿಸ್ ನಗರದ ಪೂರ್ವಪರಿಚಯ

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ದೇಶಾಂತರ ಹೋಗಿ ನೆಲಸುವವರ ಮಟ್ಟಿಗೆ ಈ ಕ್ರಮವನ್ನು ತಿರುಗಿಸುವುದೇ ಲೇಸು. ಮೊದಲು ಕೋಶ, ಆಮೇಲೆ ದೇಶ. ಇಂದು ನಮ್ಮ ಸಣ್ಣ ಪಟ್ಟಣಗಳ ಮನೆಗಳಿಂದಲೂ ಮಕ್ಕಳು ಓದಿಗೆಂದೋ ಉದ್ಯೋಗಕ್ಕೆಂದೋ ಅಮೆರಿಕೆಗೆ ತೆರಳುತ್ತಿದ್ದಾರೆ. ಅವರಲ್ಲಿ ಕೆಲವರ ಪಾಲಿಗೆ ಬರುವ ಊರು ಮಿಸ್ಸೂರಿ ಸಂಸ್ಥಾನದ ಸೇಂಟ್ ಲೂಯಿಸ್. ನ್ಯೂಯಾರ್ಕ್, ಷಿಕಾಗೊಗಳಂತೆ ಅದರ ಹೆಸರು ಎಲ್ಲರ ಬಾಯಲ್ಲಿಲ್ಲ. ಆದುದರಿಂದ ಅಲ್ಲಿಗೆ ಹೊರಟವರೂ, ಅವರನ್ನು ಹರಸಿ ಕಳುಹಿಸುವ ಮನೆಯವರೂ ತಿಳಿದಿರಬೇಕಾದ ನಾಲ್ಕು ಮಾತುಗಳನ್ನು ಇಲ್ಲಿ ಹೇಳುತ್ತೇನೆ. ಆ ಊರಿನ ಮೇಲೆ ಮೂರು ಗೆರೆಗಳಿವೆ. ಒಂದನ್ನು ನಿಸರ್ಗ ಎಳೆದಿದೆ, ಒಂದನ್ನು ಕಾನೂನು, ಮತ್ತೊಂದನ್ನು ಮನುಷ್ಯರ ಮನಸ್ಸು. ಈ ಮೂರನ್ನೂ ಅರಿತವನಿಗೆ ಮನೆ ಹುಡುಕುವ ಕೆಲಸ ಅರ್ಧ ಮುಗಿದಂತೆಯೇ.

ಮೊದಲನೆಯದು ಹೊಳೆ. ಊರಿಗೆ ಬಂದವಳು ನೀರಿಗೆ ಬಾರದಿರುವಳೇ ಎಂಬ ಗಾದೆ ಈ ಊರಿಗೆ ಚೆನ್ನಾಗಿ ಒಪ್ಪುತ್ತದೆ. ಮಿಸ್ಸಿಸ್ಸಿಪ್ಪಿ ಎಂಬ ಹೆಸರು ನದಿಯ ಮೇಲ್ದೆಸೆಯ ಮೂಲನಿವಾಸಿಗಳಾದ ಒಜಿಬ್ವೆ ಜನರ ನುಡಿಯಿಂದ ಬಂದುದು. ದೊಡ್ಡ ಹೊಳೆ ಎಂದು ಅದರ ಅರ್ಥ. ನಮ್ಮ ಹಳಗನ್ನಡ ಶಾಸನಗಳು ಕೃಷ್ಣಾನದಿಯನ್ನು ಪೆರ್ದೊರೆ ಎಂದು ಕರೆದುದೂ ಇದೇ ಅರ್ಥದಲ್ಲಿ. ನಗರದಿಂದ ತುಸು ಉತ್ತರಕ್ಕೆ ಮಿಸ್ಸೂರಿ ನದಿ ತನ್ನ ಮಣ್ಣು ಬೆರೆತ ನೀರಿನೊಡನೆ ಬಂದು ಮಿಸ್ಸಿಸ್ಸಿಪ್ಪಿಯನ್ನು ಕೂಡುತ್ತದೆ. 1764ರಲ್ಲಿ ಪಿಯೆರ್ ಲಾಕ್ಲೀಡ್, ಆಗಸ್ಟ್ ಶೂಟೋ ಎಂಬ ಫ್ರೆಂಚ್ ವರ್ತಕರು ಈ ಸಂಗಮದ ಕೆಳಗೆ, ಪಶ್ಚಿಮ ದಂಡೆಯ ಎತ್ತರದ ನೆಲದಲ್ಲಿ ಊರು ಹೂಡಿದರು. ಪ್ರವಾಹದ ನೀರು ಮೇಲೇರದ ದಿಬ್ಬವನ್ನು ನೋಡಿ ಆರಿಸಿದ್ದೇ ಅವರ ಜಾಣತನ. ಫ್ರಾನ್ಸಿನ ದೊರೆ ಒಂಬತ್ತನೆಯ ಲೂಯಿಯ ಹೆಸರನ್ನು ಊರಿಗೆ ಇಟ್ಟರು. ಹೊಳೆಯ ಆಚೆ ದಡ ಬೇರೆ ಸಂಸ್ಥಾನ, ಅದು ಇಲಿನಾಯ್. 1874ರಲ್ಲಿ ತೆರೆದ ಈಡ್ಸ್ ಸೇತುವೆ ಎರಡನ್ನೂ ಜೋಡಿಸುತ್ತದೆ. ಇಂದು ಅದರ ಕೆಳ ಅಂತಸ್ತಿನಲ್ಲಿ ನಗರದ ಮೆಟ್ರೋಲಿಂಕ್ ರೈಲು ಓಡುತ್ತಿದೆ.

ಆ ವರ್ತಕರ ಎಚ್ಚರಿಕೆ ಈಗಿನವರಿಗೂ ಬೇಕು. 1993ರ ಬೇಸಗೆಯಲ್ಲಿ, 30 ಅಡಿ ಮುಟ್ಟಿದರೆ ಪ್ರವಾಹವೆಂದು ಎಣಿಸುವ ಅಳತೆಪಟ್ಟಿಯ ಮೇಲೆ ನೀರು 49 ಅಡಿಯನ್ನು ಮೀರಿ ಏರಿತು. ನಗರದ ನಡುಭಾಗವನ್ನು ಪ್ರವಾಹಗೋಡೆ ಕಾಪಾಡಿತು. ಆದರೆ ದಕ್ಷಿಣದಲ್ಲಿ ಡೆ ಪೇರ್ ಎಂಬ ಉಪನದಿಗೆ ನೀರು ಹಿಮ್ಮೊಗವಾಗಿ ನುಗ್ಗಿ ಮನೆಗಳನ್ನು ಹಾಳುಮಾಡಿತು. ಪಶ್ಚಿಮದ ಚೆಸ್ಟರ್‌ಫೀಲ್ಡ್ ಕಣಿವೆಯಲ್ಲಿ ಮಿಸ್ಸೂರಿ ನದಿಯ ಏರಿ ಒಡೆದು ಇಡೀ ಬಯಲು ಮುಳುಗಿತು. ತರುವಾಯ ಏರಿಯನ್ನು ಎತ್ತರಿಸಿದ್ದಾರೆ. ಅಲ್ಲಿ ಅಂಗಡಿಸಾಲುಗಳು ಎದ್ದಿವೆ. ಮನೆ ಹಿಡಿಯುವವರು ಬಾಡಿಗೆಯನ್ನು ಕೇಳುವ ಮೊದಲು ಆ ನೆಲ ಎತ್ತರದ್ದೋ ತಗ್ಗಿನದ್ದೋ ಎಂದು ಕೇಳಬೇಕು. ನೆಲಮಾಳಿಗೆ ಉಂಟೇ ಎಂದೂ ವಿಚಾರಿಸಬೇಕು. ವಸಂತಕಾಲದಲ್ಲಿ ಬೀಸುವ ಸುಂಟರಗಾಳಿಯಿಂದ ತಲೆ ಉಳಿಸಿಕೊಳ್ಳುವ ಠಾವು ಅದೇ. ಅಪಾಯ ಸಮೀಪಿಸಿದಾಗ ಊರಲ್ಲೆಲ್ಲ ಸೈರನ್ ಕೂಗುತ್ತದೆ. ತಿಂಗಳ ಮೊದಲ ಸೋಮವಾರ ಬೆಳಗ್ಗೆ ಅದು ಕೂಗಿದರೆ ಕೇವಲ ಪರೀಕ್ಷೆಗೆಂದು ತಿಳಿದು ಹೊಸಬರು ಗಾಬರಿಯಾಗದಿರಲಿ.

ಎರಡನೆಯ ಗೆರೆ ಕಣ್ಣಿಗೆ ಕಾಣದು. 1876ರಲ್ಲಿ ಮತದಾರರು ನಗರವನ್ನು ಅದರ ಸುತ್ತಲಿನ ಕೌಂಟಿಯಿಂದ, ಅಂದರೆ ಜಿಲ್ಲೆಯಿಂದ, ಬೇರೆ ಮಾಡಿದರು. ಬಡ ಹಳ್ಳಿಗಾಡಿನ ಹೊರೆ ತಮಗೇಕೆಂಬುದು ಆಗಿನ ಶ್ರೀಮಂತ ನಗರದವರ ಎಣಿಕೆ. ಕಾಲಚಕ್ರ ತಿರುಗಿತು. ನಗರ ತನ್ನ ಸುಮಾರು 62 ಚದರ ಮೈಲಿಯೊಳಗೇ ಉಳಿಯಿತು. ಜನ ಗೆರೆ ದಾಟಿ ಹೊರಗೆ ಹೋದರು. 1950ರಲ್ಲಿ 8,56,796 ಇದ್ದ ನಗರದ ಜನಸಂಖ್ಯೆ 2020ರಲ್ಲಿ 3,01,578 ಆಯಿತು. ಅದೇ ವರ್ಷ ಕೌಂಟಿಯಲ್ಲಿ ಹತ್ತು ಲಕ್ಷಕ್ಕೂ ಮೇಲ್ಪಟ್ಟು ಜನರಿದ್ದರು. ಕಾಗದದ ಮೇಲೆ ಸೇಂಟ್ ಲೂಯಿಸ್ ಎಂಬ ವಿಳಾಸವಿದ್ದರೂ ಮನೆ ಕೌಂಟಿಯದಾಗಿರಬಹುದು. ಇದರಿಂದ ವ್ಯವಹಾರದಲ್ಲಿ ಬಹಳ ವ್ಯತ್ಯಾಸವುಂಟು. ನಗರದಲ್ಲಿ ವಾಸಿಸುವವರೂ, ಹೊರಗಿನಿಂದ ಬಂದು ದುಡಿಯುವವರೂ ಸಂಬಳದಲ್ಲಿ ನೂರಕ್ಕೆ ಒಂದರಂತೆ ನಗರಕ್ಕೆ ತೆರಿಗೆ ಕೊಡಬೇಕು. ಮಕ್ಕಳಿರುವವರಿಗೆ ಇನ್ನೊಂದು ಮಾತು: ಮನೆ ಯಾವ ಶಾಲಾ ವಲಯದಲ್ಲಿದೆಯೋ ಅಲ್ಲಿಯ ಸರ್ಕಾರಿ ಶಾಲೆಯೇ ಮಗುವಿಗೆ ದೊರೆಯುವುದು. ಅಪರಾಧಗಳ ಪಟ್ಟಿಯಲ್ಲಿ ಈ ನಗರದ ಹೆಸರು ಮೇಲಕ್ಕೆ ಬರುವುದನ್ನು ಓದಿ ಇಲ್ಲಿಯ ತಾಯಂದಿರು ಕಳವಳಪಡುತ್ತಾರೆ. ಅಲ್ಲಿಯ ಕಷ್ಟ ಸುಳ್ಳಲ್ಲ. ಆದರೆ ಉಪನಗರಗಳನ್ನು ಬಿಟ್ಟು ನಡುವಣ ಭಾಗವನ್ನಷ್ಟೇ ಲೆಕ್ಕ ಹಿಡಿದರೆ ಅಂಕಿ ದೊಡ್ಡದಾಗಿ ಕಾಣುವುದೆಂಬುದನ್ನೂ ನೆನಪಿಡಬೇಕು.

ಮೂರನೆಯ ಗೆರೆ ಡೆಲ್ಮಾರ್ ಎಂಬ ಬೀದಿ. ಪೂರ್ವಪಶ್ಚಿಮವಾಗಿ ಸಾಗುವ ಈ ಬೀದಿಯ ಉತ್ತರಕ್ಕೆ ಬಹುಮಟ್ಟಿಗೆ ಕಪ್ಪುಜನರ ವಾಸ, ದಕ್ಷಿಣಕ್ಕೆ ಹೆಚ್ಚಾಗಿ ಬಿಳಿಯರದು. ಇದು ತಾನಾಗಿ ಆದುದಲ್ಲ. ಬಿಳಿಯರಲ್ಲದವರಿಗೆ ಮನೆ ಮಾರಕೂಡದೆಂದು ಕ್ರಯಪತ್ರದಲ್ಲೇ ಷರತ್ತು ಬರೆಯುತ್ತಿದ್ದ ಕಾಲವೊಂದಿತ್ತು. ಈ ನಗರದ ಶೆಲ್ಲಿ ಎಂಬ ಕಪ್ಪು ಕುಟುಂಬ ಅಂಥ ಮನೆಯೊಂದನ್ನು ಕೊಂಡಿತು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಇಂಥ ಷರತ್ತುಗಳನ್ನು ಯಾವ ನ್ಯಾಯಾಲಯವೂ ಜಾರಿಗೆ ತರುವಂತಿಲ್ಲವೆಂದು 1948ರಲ್ಲಿ ತೀರ್ಪಾಯಿತು. ಕಾನೂನು ಬದಲಾಯಿತು, ಬೀದಿಯ ಗೆರೆ ಪೂರ್ತಿ ಅಳಿಯಲಿಲ್ಲ. 2025ರ ಮೇ 16ರ ಸುಂಟರಗಾಳಿ ಸಾವಿರಾರು ಕಟ್ಟಡಗಳನ್ನು ಜಖಂಗೊಳಿಸಿದಾಗ ಹೆಚ್ಚಿನ ನಷ್ಟ ಅನುಭವಿಸಿದವರಲ್ಲಿ ಉತ್ತರದ ಬಡವರೇ ಬಹಳ. ಜಾತಿಗೊಂದು ಕೇರಿಯನ್ನು ಕಂಡ ನಾಡಿನವರಾದ ನಮಗೆ ಇದು ಅರ್ಥವಾಗದ ಸಂಗತಿಯೇನಲ್ಲ. ಆ ಕಡೆ ಹೋಗಬೇಡಿ ಎಂದು ಯಾರಾದರೂ ಹೇಳಿದರೆ, ಎಚ್ಚರದ ಮಾತು ಯಾವುದು, ಹಳೆಯ ಮಡಿವಂತಿಕೆ ಯಾವುದು ಎಂದು ವಿವೇಚಿಸುವ ಭಾರ ಹೊಸಬರ ಮೇಲಿದೆ.

ಇಷ್ಟನ್ನು ಕೇಳಿ ಊರು ಬರೀ ಕಷ್ಟದ್ದೆಂದು ಬಗೆಯಬಾರದು. ಗೆರೆಗಳನ್ನು ಮೀರಿದ ಒಳ್ಳೆಯತನವೂ ಅಲ್ಲಿ ಹೇರಳ. ಫಾರೆಸ್ಟ್ ಪಾರ್ಕ್ ಎಂಬ ಸುಮಾರು 1,300 ಎಕರೆಯ ಉದ್ಯಾನದಲ್ಲಿ ಮೃಗಾಲಯ, ಕಲಾಶಾಲೆ, ಇತಿಹಾಸದ ವಸ್ತುಸಂಗ್ರಹಾಲಯಗಳಿವೆ. ಇವುಗಳ ಪ್ರವೇಶಕ್ಕೆ ಕಾಸು ಕೊಡಬೇಕಾಗಿಲ್ಲ. ಬೇರೆಯಾದ ನಗರವೂ ಕೌಂಟಿಯೂ ಇವುಗಳಿಗಾಗಿ ಕೂಡಿಯೇ ತೆರಿಗೆ ತೆರುತ್ತವೆ. 1859ರಲ್ಲಿ ಹೆನ್ರಿ ಷಾ ತೆರೆದ ಸಸ್ಯೋದ್ಯಾನ ಲೋಕಪ್ರಸಿದ್ಧ. ಹೊಳೆಯ ದಡದಲ್ಲಿ 630 ಅಡಿ ಎತ್ತರದ ಉಕ್ಕಿನ ಕಮಾನು 1965ರಿಂದ ನಿಂತಿದೆ. 1938ರಿಂದ ವೇದಾಂತ ಸೊಸೈಟಿಯೂ ಅಲ್ಲಿದೆ. ಜುಲೈ ತಿಂಗಳು ಮಂಗಳೂರಿನ ಸೆಕೆಯನ್ನು ನೆನಪಿಸುತ್ತದೆ. ಜನವರಿಯ ರಾತ್ರಿಗಳಲ್ಲಿ ನೀರು ಹೆಪ್ಪುಗಟ್ಟುತ್ತದೆ. ಅಲ್ಲಿಯ ಗಡಿಯಾರ ಬೇಸಗೆಯಲ್ಲಿ ನಮಗಿಂತ ಹತ್ತೂವರೆ ಗಂಟೆ, ಚಳಿಗಾಲದಲ್ಲಿ ಹನ್ನೊಂದೂವರೆ ಗಂಟೆ ಹಿಂದೆ. ಮಗನಿಗೋ ಮಗಳಿಗೋ ಫೋನು ಮಾಡುವ ಮುನ್ನ ಇದನ್ನು ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು.

ಕೊನೆಯದಾಗಿ ಒಂದು ಪ್ರಶ್ನೆ. ಸೇಂಟ್ ಲೂಯಿಸಿನವರು ಹೊಸ ಪರಿಚಯವಾದೊಡನೆ, ಯಾವ ಹೈಸ್ಕೂಲಿನಲ್ಲಿ ಓದಿದಿರಿ ಎಂದು ಕೇಳುವುದು ಪ್ರಸಿದ್ಧ. ಉಪಾಧ್ಯಾಯನಾದ ನನಗೆ ಈ ವಾಡಿಕೆ ಹಿತವೆನಿಸುತ್ತದೆ. ಆದರೆ ಕೇಳುವವರ ಉದ್ದೇಶ ವಿದ್ಯೆಗಿಂತ ನೆಲೆಯನ್ನು ತಿಳಿಯುವುದು. ಶಾಲೆಯ ಹೆಸರಿನಿಂದ ಮನೆ ಯಾವ ಗೆರೆಯ ಯಾವ ಬದಿಗೆ ಎಂದು ಅವರಿಗೆ ಹೊಳೆಯುತ್ತದೆ. ಅರಸೀಕೆರೆಯ ಶಾಲೆಯನ್ನೋ ಗದಗಿನ ಶಾಲೆಯನ್ನೋ ಹೆಸರಿಸುವ ನಮ್ಮ ಮಕ್ಕಳು ಅವರ ಯಾವ ಗೆರೆಗೂ ಸಿಕ್ಕುವವರಲ್ಲ. ಎಲ್ಲ ಬದಿಯವರೊಡನೆಯೂ ಸ್ನೇಹ ಬೆಳೆಸಲು ಅವರಿಗೆ ದೊರೆತ ಅನುಕೂಲ ಇದು. ಗೆರೆಗಳನ್ನು ಮೊದಲೇ ತಿಳಿದು ಹೋದವರು ಅದನ್ನು ಚೆನ್ನಾಗಿ ಬಳಸಿಕೊಳ್ಳಬಲ್ಲರು.